ಪದ ಬೇಕು, ಅರ್ಜೆಂಟು: ‘ಮೈನರ್ ಲೀಗ್’, ‘ಹೋಲ್ಡರ್’, ಈಗ ಇಲ್ಲದ ತಂಡ

ಎಲ್ಲರಿಗೂ ನಮಸ್ಕಾರ. ನಾಳೆ 11 ಗಂಟೆಗೆ ಫ್ಲೆಕ್ಸ್‌ನವರಿಗೆ ಫೈಲ್ ಕೊಡಬೇಕು, ಒಂದೇ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಆಟಗಾರ್ತಿಯರ ಬಗ್ಗೆ ಒಂದು ಪ್ರದರ್ಶನ, ಅದರಲ್ಲಿ ಒಂದು ಬೋರ್ಡು ಪ್ಯಾಟ್ರಿಷಿಯಾ ಪಲಿಂಕಸ್ ಅವರದು. 1970ರ ಆಗಸ್ಟ್‌ನಲ್ಲಿ ಒರ್ಲ್ಯಾಂಡೊ ಪ್ಯಾಂಥರ್ಸ್ ಪರವಾಗಿ ಬ್ರಿಜ್‌ಪೋರ್ಟ್ ಜೆಟ್ಸ್ ವಿರುದ್ಧ ಆಡಿದರು. ಗಂಡಸರ ಪ್ರೊಫೆಷನಲ್ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಹೆಂಗಸು.

ಆ ತಂಡ ಮೈನರ್ ಲೀಗಿನದು, ಅಂದರೆ ಅಲ್ಲಿನ ದೊಡ್ಡ ಲೀಗಿಗಿಂತ ಕೆಳಗಿನ ಮಟ್ಟದ್ದು. ನಾನು ‘ಮೈನರ್ ತಂಡದಲ್ಲಿ ಆಡಿದ ಮೊದಲ ಮಹಿಳೆ’ ಎಂದು ಬರೆದಿದ್ದೆ. ತಂಗಿ ಓದಿ, ‘ಪಾಪ, ಎಷ್ಟನೇ ಕ್ಲಾಸ್ ಹುಡುಗಿ?’ ಅಂದಳು. ಅವರಿಗೆ ಆಗ 27 ವರ್ಷ, ಮದುವೆಯೂ ಆಗಿತ್ತು!

ಎರಡನೆಯದು ಅವರ ಕೆಲಸದ ಹೆಸರು, ಹೋಲ್ಡರ್. ‘ಚೆಂಡು ಹಿಡಿಯುವವರು’ ಎಂದರೆ ಕ್ಯಾಚ್ ಅಂದುಕೊಳ್ಳುತ್ತಾರೆ. ಇದು ಹಾಗಲ್ಲ. ಮಂಡಿಯೂರಿ ಕೂತು, ಹಿಂದಕ್ಕೆ ಬಂದ ಚೆಂಡನ್ನು ತಗೊಂಡು, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ತುದಿಗೆ ಬೆರಳಿಟ್ಟುಕೊಂಡಿರಬೇಕು. ಒದೆಯುವವನು ಬಂದು ಒದೆಯುತ್ತಾನೆ. ಇಲ್ಲಿ ಒದೆಯುವವನು ಅವರ ಗಂಡನೇ.

ಮೂರನೆಯದು, ಆ ತಂಡ ಈಗ ಇಲ್ಲ. ಇದಕ್ಕೆ ಏನು ಬರೆಯಲಿ? ‘ಮುಚ್ಚಿದ ತಂಡ’ ಎಂದರೆ ಅಂಗಡಿ ಥರ ಕೇಳಿಸುತ್ತದೆ.

* * *

ಇದರಲ್ಲಿ ಕೇಳುವುದೇನಿದೆ? ‘ಕಿರುಕೂಟದ ಅಳಿದ ಕಾಲ್ಚೆಂಡು ತಂಡ’. ಹೋಲ್ಡರ್‌ಗೆ ‘ಊರುಗಾರ್ತಿ’. ಊರು ಎಂದರೆ ನೆಲಕ್ಕೆ ಒತ್ತಿ ನಿಲ್ಲಿಸು. ಕಾಲೂರು, ಮಂಡಿಯೂರು, ಊರುಗೋಲು, ಎಲ್ಲದರಲ್ಲೂ ಅದೇ ಬೇರು. ಪ್ರಶ್ನೆಯಲ್ಲಿ ನೀವೇ ‘ಮಂಡಿಯೂರಿ’ ಎಂದು ಬರೆದಿದ್ದೀರಿ, ಆದರೂ ಪದ ಕಾಣಲಿಲ್ಲ. ನಮ್ಮಲ್ಲಿ ಬೇರು ಇರುವಾಗ ಇಂಗ್ಲಿಷ್ ಯಾಕೆ?

* * *

ಊರುಗಾರ್ತಿ ಎಂದರೆ ಊರಿನವಳು ಅಂತ ಓದುತ್ತಾರೆ ಸಾರ್. ಬೇರು ಬೇರು ಎನ್ನುತ್ತಾ ಗಿಡವನ್ನೇ ಕಿತ್ತು ತೋರಿಸುತ್ತೀರಿ. ‘ಅಳಿದ ತಂಡ’ ಅಂತೂ ಬೇಡವೇ ಬೇಡ, ವಿಮಾನ ಬಿದ್ದು ಎಲ್ಲರೂ ಸತ್ತರೇನೋ ಅನಿಸುತ್ತದೆ.

ನಮ್ಮ ಉಡುಪಿ ಕಡೆ ಯಕ್ಷಗಾನದ ಮೇಳ ತಿರುಗಾಟ ಬಿಟ್ಟರೆ ‘ಮೇಳ ನಿಂತಿತು’ ಎನ್ನುತ್ತೇವೆ, ಅಷ್ಟೇ. ಭಾಗವತರು ಇರುತ್ತಾರೆ, ವೇಷಧಾರಿಗಳು ಬೇರೆ ಮೇಳಕ್ಕೆ ಹೋಗಿರುತ್ತಾರೆ, ಪೆಟ್ಟಿಗೆ ಯಾರದ್ದೋ ಅಟ್ಟದಲ್ಲಿರುತ್ತದೆ. ಆಟದ ತಂಡದ್ದೂ ಅದೇ ಕತೆ ಅಲ್ವಾ? ‘ನಿಂತುಹೋದ ತಂಡ’ ಎಂದು ಬರೆಯಿರಿ. ಮೈನರ್ ಲೀಗ್‌ಗೆ ‘ಸೆಕೆಂಡ್ ಡಿವಿಷನ್’ ಸಾಕು, ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು.

* * *

ನಾನು ಫ್ಲೋರಿಡಾದಲ್ಲೇ ಇರುವವನು, ಸುಮ್ನೆ ಇರಲು ಆಗಲಿಲ್ಲ. ಸೆಕೆಂಡ್ ಡಿವಿಷನ್ ತಪ್ಪು. ಡಿವಿಷನ್ ಎಂದರೆ ಗೆದ್ದವರು ಮೇಲಕ್ಕೆ ಹತ್ತುತ್ತಾರೆ, ಸೋತವರು ಕೆಳಕ್ಕೆ ಇಳಿಯುತ್ತಾರೆ. ಇಲ್ಲಿ ಏಣಿಯೇ ಇಲ್ಲ. ಈ ಪ್ಯಾಂಥರ್ಸ್ ಮೊದಲು ನ್ಯೂಆರ್ಕ್ ಬೇರ್ಸ್ ಆಗಿತ್ತು, 1966ರಲ್ಲಿ ಒರ್ಲ್ಯಾಂಡೊಗೆ ಬಂತು. 1967, 1968 ಎರಡೂ ವರ್ಷ ಕಾಂಟಿನೆಂಟಲ್ ಲೀಗ್ ಗೆದ್ದಿತು. ಏನು ಸಿಕ್ಕಿತು? ಇಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಬಾಗಿಲೇನೂ ತೆರೆಯಲಿಲ್ಲ. 1969ರ ಸೀಸನ್ ಆದಮೇಲೆ ಆ ಲೀಗೇ ನಿಂತಿತು. ಪ್ಯಾಂಥರ್ಸ್ ಅಟ್ಲಾಂಟಿಕ್ ಕೋಸ್ಟ್ ಲೀಗ್ ಸೇರಿ, 1970 ಒಂದು ಸೀಸನ್ ಆಡಿ, ಅದೂ ನಿಂತಿತು.

ಹಾಗಾಗಿ ‘ಕಿರಿಯರ’ ಅಲ್ಲ, ‘ಎರಡನೇ ದರ್ಜೆ’ಯೂ ಅಲ್ಲ (ಅದು ಬೈಗುಳ). ‘ಸಣ್ಣ ಲೀಗ್’ ಎನ್ನಿ. ಸಣ್ಣ ಹೋಟೆಲ್, ಸಣ್ಣ ಪತ್ರಿಕೆ ಎನ್ನುವಾಗ ವಯಸ್ಸೂ ಬರುವುದಿಲ್ಲ, ಅವಮಾನವೂ ಆಗುವುದಿಲ್ಲ.

ಇನ್ನು ಕಾಲ್ಚೆಂಡು. ಕಾಲ್ಚೆಂಡು ಎಂದ ಕೂಡಲೇ ಕನ್ನಡದವರ ಕಣ್ಣಿಗೆ ಮೆಸ್ಸಿ ಬರುತ್ತಾನೆ. ಈ ಆಟದಲ್ಲಿ ಚೆಂಡು ಜಾಸ್ತಿ ಇರುವುದು ಕೈಯಲ್ಲಿ. ದಯವಿಟ್ಟು ‘ಅಮೆರಿಕನ್ ಫುಟ್‌ಬಾಲ್’ ಹಾಗೇ ಬಿಡಿ.

* * *

ಹಾಗೇ ಬಿಡಿ, ಹಾಗೇ ಬಿಡಿ! ನಾಳೆ ‘ಒದೆ’ಯನ್ನೂ ಕಿಕ್ ಎಂದು ಹಾಗೇ ಬಿಡೋಣ. ಉಡುಪಿಯವರ ‘ಮೇಳ’ ಸಂಸ್ಕೃತ, ಫ್ಲೋರಿಡಾದವರ ‘ಲೀಗ್’ ಇಂಗ್ಲಿಷ್. ಕೂಟ ನಮ್ಮದು. ಅಮೆರಿಕದಲ್ಲಿ ನಿಮ್ಮವರೇ ಕನ್ನಡ ಕೂಟ ಕಟ್ಟಿಕೊಂಡಿದ್ದೀರಿ, ಅದನ್ನು ಕನ್ನಡ ಲೀಗ್ ಎನ್ನುತ್ತೀರಾ?

* * *

ಕನ್ನಡ ಕೂಟದಲ್ಲಿ ಯುಗಾದಿಗೆ ಹೋಳಿಗೆ ಹಾಕುತ್ತಾರೆ ಸಾರ್. ಲೀಗ್‌ನಲ್ಲಿ ಹಲ್ಲು ಮುರಿಯುತ್ತಾರೆ. ಮೇಜು, ಕಾಗದ, ಮೇಸ್ತ್ರಿ, ಸಾಬೂನು ಎಲ್ಲ ಹೊರಗಿನಿಂದ ಬಂದವೇ. ಯಾವುದನ್ನೂ ಗಡಿಪಾರು ಮಾಡಲಿಲ್ಲ, ಲೀಗ್ ಮೇಲೆ ಮಾತ್ರ ಯಾಕೆ ಸಿಟ್ಟು?

* * *

ಪ್ರಶ್ನೆ ಕೇಳಿದವಳು ನಾನು, ಜಗಳ ಮುಂದುವರಿಸಿ, ನನಗೆ ಟೈಮಿಲ್ಲ. ‘ಊರು’ ನಿಜಕ್ಕೂ ಇಷ್ಟವಾಯಿತು, ಆದರೆ ನಾಮಪದ ಮಾಡಿದರೆ ಕೆಡುತ್ತದೆ, ಕ್ರಿಯಾಪದವಾಗಿಯೇ ಇಟ್ಟುಕೊಂಡೆ. ಕಳಿಸಿದ್ದು ಇಷ್ಟು:

‘ಈಗ ನಿಂತುಹೋಗಿರುವ ಒರ್ಲ್ಯಾಂಡೊ ಪ್ಯಾಂಥರ್ಸ್ ಎಂಬ ಸಣ್ಣ ಲೀಗ್‌ನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ, ಗಂಡ ಒದೆಯಲೆಂದು ಚೆಂಡನ್ನು ನೆಲಕ್ಕೂರಿ ಹಿಡಿಯುವುದು ಇವರ ಕೆಲಸ. ಮೊದಲ ಸಲವೇ ಚೆಂಡು ಸರಿಯಾಗಿ ಬರಲಿಲ್ಲ. ಎದುರಾಳಿ ಬಂದು ಕೆಡವಿದ. ಎದ್ದು ಮತ್ತೆ ಆಡಿದರು.’

‘ಹೋಲ್ಡರ್’ ಎಂಬ ಪದವೇ ಬೇಕಾಗಲಿಲ್ಲ.

* * *

ನೆಲಕ್ಕೂರಿ ಸರಿ. ಕೂಟ ಎಂದೇ ಆಗಬೇಕಿತ್ತು.