ಅಪ್‌ಡೇಟ್: ಗುಜರಿಯ ಬ್ರೇಕ್ ಕ್ಯಾಲಿಪರ್ ಕೊನೆಗೂ ಸರಿಯಾಗಿ ಕೂತಿತು

ನನ್ನ 2012ರ ಕಾರಿಗೆ ಗುಜರಿ ಅಂಗಡಿಯಲ್ಲಿ ಸಿಗುವ ಮುಂದಿನ ಚಕ್ರದ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಕ್ಯಾಲಿಪರ್ (ಆ ತಟ್ಟೆಯನ್ನು ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಭಾಗ) ಹೊಂದುತ್ತದಾ ಅಂತ ಕಳೆದ ವಾರ ಇಲ್ಲಿ ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ನಿನ್ನೆ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ ಬಂದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ.

ಆಗ ಬಂದ "ಮಾಡೆಲ್, ವರ್ಷ ಒಂದೇ ಇದ್ದರೆ ಸಾಕು" ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಉಪ್ಪಳದಲ್ಲಿ ಸಿಕ್ಕಿದ ಕ್ಯಾಲಿಪರ್‌ನ ಬೋಲ್ಟ್ ತೂತುಗಳೆಲ್ಲ ಸರಿ ಇದ್ದವು. ಆದರೆ ಅದು ತೆಳು ಡಿಸ್ಕಿನದು. ನನ್ನದು ನಡುವೆ ಗಾಳಿ ಹಾಯುವ ದಪ್ಪ ಡಿಸ್ಕ್. ಒಳಗೆ ಹೋಗಲೇ ಇಲ್ಲ!

ಕೈಹಿಡಿದದ್ದು ಚಾಸಿಸ್ ನಂಬರ್ (ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ನಂಬರ್) ನೋಡಿ ಹುಡುಕಿ ಅನ್ನುವ ಸಲಹೆ. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಅದನ್ನು ಕೊಟ್ಟು ಪಾರ್ಟ್ ನಂಬರ್ ಬರೆಸಿಕೊಂಡೆ. ಅದೇ ನಂಬರಿನದು ಮಂಗಳೂರಿನಲ್ಲಿ ಸಿಕ್ಕಿತು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ, ಅದು ನನಗೆ ಗೊತ್ತೇ ಇರಲಿಲ್ಲ. ತುಕ್ಕು ಉಜ್ಜಿ ಓದಿ, ವರ್ನಿಯರ್ ಅಳತೆ ಸಾಧನದಲ್ಲಿ ದಪ್ಪ ಅಳೆದೇ ತಗೊಂಡೆ.

ಇನ್ನೊಂದು ವಿಷಯ. ಕ್ಯಾಲಿಪರ್ ಎಡಗಡೆಯದೋ ಬಲಗಡೆಯದೋ ನೋಡಿಯೇ ತಗೊಳ್ಳಿ. ಅದಲುಬದಲಾದರೆ ಗಾಳಿ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ, ಬ್ರೇಕ್ ಆಯಿಲ್ ಒಳಗೆ ಸೇರಿದ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ, ಪೆಡಲ್ ಮೆತ್ತಗಾಗುತ್ತದೆ. ನಮ್ಮ ಮೆಕ್ಯಾನಿಕ್ ಅಣ್ಣ ಮೊದಲೇ ಗಮನಿಸಿದ್ದರಿಂದ ಬಚಾವಾದೆ.

ಪ್ಯಾಡ್, ರಬ್ಬರ್ ಸೀಲ್, ಬ್ರೇಕ್ ಆಯಿಲ್ ಮಾತ್ರ ಹೊಸದೇ ಹಾಕಿಸಿದೆ. ಚಾಸಿಸ್ ನಂಬರ್ ದಾರಿ ತೋರಿಸಿದವರಿಗೆ ತುಂಬಾ ಥ್ಯಾಂಕ್ಸ್.