ಸಹಾಯ ಬೇಕು: ಬಿಸಿಲಲ್ಲಿ ಕಾಣದ ಶಿಫ್ಟ್ ಲೈಟ್

ಅಣ್ಣಂದಿರೇ, ವೈರಿಂಗ್ ಗೊತ್ತಿರುವವರು ಸ್ವಲ್ಪ ನೋಡಿ. ನಾನಿರುವುದು ಪುಣೆ, ಬೈಕ್ 200 ಸಿಸಿ. ಮೀಟರಿನ ಶಿಫ್ಟ್ ಲೈಟ್ (ಇಂಜಿನ್ ಜೋರಾಗಿ ತಿರುಗುವಾಗ ಗೇರ್ ಬದಲಿಸು ಎಂದು ಹತ್ತುವ ದೀಪ) ಸಾಸಿವೆ ಕಾಳಿನಷ್ಟಿದೆ. ರಾತ್ರಿ ಪರವಾಗಿಲ್ಲ. ಬೆಳಗಾವಿಗೆ ಊರಿಗೆ ಹೋಗುವಾಗ ಖಂಬಾಟ್ಕಿ ಘಾಟ್‌ನ ಮಧ್ಯಾಹ್ನದ ಬಿಸಿಲಲ್ಲಿ ಅದು ಹತ್ತಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಇಲ್ಲಿಯ ಬುಧವಾರ ಪೇಟ್ ಬಡಾವಣೆಯಿಂದ ಜೋರು ಬೆಳಕಿನ ಬಿಳಿ ಎಲ್‌ಇಡಿ ತಂದಿದ್ದೇನೆ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತದೆ. ಎಲ್‌ಇಡಿಗೆ 3.2 ವೋಲ್ಟ್, 20 ಮಿಲಿಆಂಪ್ ಹಿಡಿದರೆ 560 ಓಮ್ ರೆಸಿಸ್ಟರ್ ಬೇಕು. ಸರಿ ಅಲ್ವಾ? ಕಾಲು ವ್ಯಾಟಿನದು ಬಿಸಿಯಾಗುತ್ತದೆ, ಅರ್ಧ ವ್ಯಾಟಿನದೇ ಹಾಕುತ್ತೇನೆ.

ತಲೆನೋವು ಇರುವುದು ಸಿಗ್ನಲ್‌ನಲ್ಲಿ. ಹಳೇ ಎಲ್‌ಇಡಿಯ ಕಾಲಿಗೇ ಹೊಸದನ್ನು ಬೆಸೆದರೆ ಒಳಗಿನ ಚಿಪ್‌ಗೆ ಹೊರೆ ಜಾಸ್ತಿಯಾಗಿ ಮೀಟರೇ ಸುಟ್ಟೀತು. ನಡುವೆ ಟ್ರಾನ್ಸಿಸ್ಟರ್ ಬೇಕು, ಅಷ್ಟು ಗೊತ್ತು. ಚಿಪ್ ಆ ಲೈಟಿಗೆ ಪ್ಲಸ್ ಕೊಡುತ್ತದೋ, ಅರ್ತ್‌ಗೆ ಎಳೆಯುತ್ತದೋ? ಪ್ಲಸ್ ಆದರೆ BC547 ಎಂಬ ಎನ್‌ಪಿಎನ್ ಟ್ರಾನ್ಸಿಸ್ಟರ್ ಸಾಕು, ಅರ್ತ್ ಆದರೆ ಅದಕ್ಕೆ ಉಲ್ಟಾ ಜಾತಿಯ ಪಿಎನ್‌ಪಿ ಬೇಕು. ಮಲ್ಟಿಮೀಟರ್‌ನಲ್ಲಿ ಇದನ್ನು ಹೇಗೆ ನೋಡುವುದು? ಲೈಟ್ ಹತ್ತುವುದೇ ಒಂದು ಕ್ಷಣ. ಸುಮ್ನೆ ಇಂಜಿನ್ ಚೀರಿಸಿದರೆ ಸೊಸೈಟಿಯ ಕಾಕಾ ಬೈಯುತ್ತಾರೆ!

ಇನ್ನೊಂದು, ಬಿಚ್ಚಿದ ಮೀಟರ್ ಗಾಜಿಗೆ ಯಾವ ಸೀಲಂಟ್ ಹಚ್ಚಲಿ? ಇಲ್ಲಿಯ ಮಳೆ ಗೊತ್ತಲ್ಲ, ಒಳಗೆ ಆವಿ ಕಟ್ಟಿದರೆ ಸ್ಪೀಡೂ ಕಾಣುವುದಿಲ್ಲ.