ಕೊಳದಲ್ಲಿ ಕಪ್ಪೆ ಮೊಟ್ಟೆ ಇಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಹಿತ್ತಲಲ್ಲಿ ಪುಟ್ಟ ಕೊಳ ಮಾಡಿಸಿದ್ದೇನೆ. ನಿನ್ನೆ ಬೆಳಗ್ಗೆ ನೋಡಿದರೆ ಮುಷ್ಟಿಗಾತ್ರದ ಲೋಳೆ ಮುದ್ದೆ ತೇಲುತ್ತಿತ್ತು, ಒಳಗೆಲ್ಲ ಸಾಸಿವೆಯಂಥ ಕಪ್ಪು ಚುಕ್ಕಿ. ಕೆಲವು ಬೆಳ್ಳಗಾಗಿವೆ. ಬಕೆಟ್ಟಿಗೆ ಹಾಕಿ ಮನೆಯೊಳಗೆ ಇಟ್ಟುಕೊಳ್ಳಲೇ? ಕೊಳದಲ್ಲಿ ನಾಲ್ಕು ಮೀನೂ ಇವೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಬಕೆಟ್ ಬೇಡವೇ ಬೇಡ. ಮೊದಲ ಸಲ ನಾನೂ ಅದೇ ಮಾಡಿ ಕೈಸುಟ್ಟುಕೊಂಡೆ. ಮೂರನೇ ದಿನಕ್ಕೆ ನೀರು ನಾರತೊಡಗಿತು, ಗಾಬರಿಯಲ್ಲಿ ನಲ್ಲಿ ನೀರು ಸುರಿದೆ, ಮರುದಿನ ಒಂದೂ ಉಳಿಯಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಅವಕ್ಕೆ ಆಗಿಬರುವುದಿಲ್ಲ. ಕೊಳದ ನೀರು ಇಳಿದರೆ ಮಳೆನೀರು ಹಾಕಿ. ಇಲ್ಲವಾದರೆ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಸ್ವಲ್ಪಸ್ವಲ್ಪವೇ ಸೇರಿಸಿ. (ಕ್ಲೋರಿನ್ನಿನ ಬದಲು ಕ್ಲೋರಮಿನ್ ಎಂಬ, ಅಷ್ಟು ಬೇಗ ಆರಿಹೋಗದ ರಾಸಾಯನಿಕ ಬೆರೆಸಿದ ನೀರಾದರೆ ತೆರೆದಿಟ್ಟರೂ ಪ್ರಯೋಜನವಿಲ್ಲ.)

ಬೆಳ್ಳಗಾದವು ಫಲಿಸದವು, ಇಲ್ಲವೇ ಸತ್ತವು. ಬೂಷ್ಟು ಹಿಡಿದು ಹತ್ತಿಯ ಹಾಗೆ ಕಾಣುತ್ತವೆ. ನಾಲ್ಕಾರಿದ್ದರೆ ಬಿಟ್ಟುಬಿಡಿ, ಒಂದು ಕಡೆ ಗುಂಪಾಗಿದ್ದರೆ ಮೆಲ್ಲಗೆ ಚಮಚದಲ್ಲಿ ತೆಗೆಯಿರಿ. ಉಳಿದವನ್ನು ದಿನಾ ಗಮನಿಸಿ: ದುಂಡಗಿದ್ದ ಚುಕ್ಕಿ ಅಲ್ಪವಿರಾಮದ ಹಾಗೆ ಬಾಗಿತೆಂದರೆ ಒಳಗೆ ಮರಿ ಬೆಳೆಯುತ್ತಿದೆ. ಬೆಚ್ಚನೆ ನೀರಲ್ಲಿ ಕೆಲವೇ ದಿನಕ್ಕೆ ಹೊರಬರುತ್ತವೆ, ತಣ್ಣನೆ ನೀರಲ್ಲಿ ಎರಡು ಮೂರು ವಾರವೂ ಹಿಡಿದೀತು.

ಉತ್ತರ 2: ನಿಮ್ಮ ನಿಜವಾದ ತೊಂದರೆ ಆ ನಾಲ್ಕು ಮೀನು! ಗೊದಮೊಟ್ಟೆ ಹೊರಬಂದದ್ದೇ ತಡ, ಗುಳುಂ ಮಾಡುತ್ತವೆ. ಮೀನನ್ನು ಬೇರೆ ಕಡೆ ಬಿಡಿ. ಆಗದಿದ್ದರೆ ಪ್ಲಾಸ್ಟಿಕ್ ಬುಟ್ಟಿಗೆ ಸಣ್ಣ ಕಣ್ಣಿನ ಬಲೆ ಸುತ್ತಿ, ಮುದ್ದೆಯನ್ನು ಅದರೊಳಗಿಟ್ಟು ಅದೇ ಕೊಳದಲ್ಲಿ ತೇಲಿಸಿ.

ಉತ್ತರ 3: ಜಾಸ್ತಿಯಿದ್ದರೆ ಪಕ್ಕದವರ ಕೊಳಕ್ಕೂ ಒಂದಿಷ್ಟು ಕೊಡಬಹುದಲ್ಲ? ನಾನು ಹಾಗೇ ಹಂಚಿದ್ದೆ.

ಉತ್ತರ 2: ಬೇಡ ಮಾರಾಯ್ರೇ. ಮೊಟ್ಟೆಯ ಜೊತೆ ನೀರು, ಗಿಡದ ಚೂರು ಎಲ್ಲ ಹೋಗುತ್ತದಲ್ಲ, ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ, ರಾನಾವೈರಸ್ ಹರಡುವ ದಾರಿಗಳಲ್ಲಿ ಅದೂ ಒಂದು. ಜಾಸ್ತಿ ಎಂದು ಚಿಂತೆಯೂ ಬೇಡ. ನೂರಾರು ಮೊಟ್ಟೆಯಲ್ಲಿ ಕಪ್ಪೆಯಾಗುವುದು ಬೆರಳೆಣಿಕೆಯಷ್ಟು. ಏರೋಪ್ಲೇನ್ ಚಿಟ್ಟೆಯ ಮರಿಹುಳ, ನೀರುಜೀರುಂಡೆ ಎಲ್ಲಕ್ಕೂ ಅವೇ ಊಟ.

ಉತ್ತರ 4: ಊಟದ ಮಾತು ಬಂತಲ್ಲ, ಹೊರಬಂದ ಮರಿಗಳು ಮೊದಲೆರಡು ದಿನ ಲೋಳೆಗೇ ಅಂಟಿಕೊಂಡು ಸುಮ್ಮನಿರುತ್ತವೆ. ಸತ್ತಿವೆ ಎಂದು ನಾನು ಚೆಲ್ಲಲು ಹೊರಟಿದ್ದೆ! ಆಮೇಲೆ ಪಾಚಿ ಕೆರೆದು ತಿನ್ನುತ್ತವೆ, ಹಾಗಾಗಿ ಕೊಳ ತಿಕ್ಕಿ ತೊಳೆಯಬೇಡಿ. ಪಾಚಿಯಿದ್ದರೆ ಬೇರೆ ತಿನಿಸೂ ಬೇಕಿಲ್ಲ, ಹಾಕಿದ್ದು ಕೊಳೆತು ನೀರು ಕೆಡುವುದೇ ಹೆಚ್ಚು.

ಒಂದು ಮಾತ್ರ ಮರೆಯಬೇಡಿ. ಹಿಂಗಾಲು ಬಂದು ಆಮೇಲೆ ಮುಂಗಾಲು ಮೂಡುತ್ತದೆ. ಆಗ ಅವು ತಿನ್ನುವುದನ್ನೇ ಬಿಟ್ಟು ಬಾಲ ಕರಗಿಸಿಕೊಳ್ಳುತ್ತವೆ, ಗಾಳಿಗಾಗಿ ಮೇಲೆ ಬರುತ್ತವೆ. ನಿಮ್ಮ ಕೊಳದ ಅಂಚು ನೇರ ಗೋಡೆಯಾಗಿದ್ದರೆ ಹತ್ತಲಾಗದೆ ಮುಳುಗುತ್ತವೆ. ಇಳಿಜಾರಾಗಿ ಒಂದು ಒರಟು ಕಲ್ಲು ಒರಗಿಸಿಡಿ. ಆ ವಾರ ಸುತ್ತಲಿನ ಹುಲ್ಲು ಕತ್ತರಿಸಬೇಡಿ, ಉಗುರಿನಷ್ಟೇ ಇರುವ ಕಪ್ಪೆಮರಿಗಳು ಅಲ್ಲೇ ಕೂತಿರುತ್ತವೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಈಗಷ್ಟೇ ಬಗ್ಗಿ ನೋಡಿದೆ, ಕೆಲವು ಚುಕ್ಕಿ ಬಾಗಿವೆ. ಬಕೆಟ್ಟಿಗೀಗ ಮೀನು ಬಂದಿವೆ. ಮೂರು ಸಿಕ್ಕವು, ನಾಲ್ಕನೆಯದು ಕಲ್ಲಿನ ಸಂದಿಯಿಂದ ಹೊರಗೇ ಬರುತ್ತಿಲ್ಲ.